ಮಾಸ್ತರರ ಪರಸ್ಥಾನದ ಚೀಲ

ಸುಮಾ, ಶ್ರೀಧರ, ನಮ್ಮ ಕಡೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಸಿದ್ದಾಪುರಕ್ಕೆ ಸೊಸೆಯಾಗಿ ಬಂದೆ. ಪಕ್ಕದ ಮನೆಯ ಮಾಸ್ತರರಿಗೆ ಇಥಿಯೋಪಿಯಾದಲ್ಲಿ ಇಂಗ್ಲಿಷ್ ಕಲಿಸುವ ನೌಕರಿ ಸಿಕ್ಕಿತ್ತು. ಹಡಗಿನ ದಿನ ಮಾತ್ರ ತಿಳಿದಿರಲಿಲ್ಲ. ಒಳ್ಳೆಯ ಮುಹೂರ್ತ ತಪ್ಪಬಾರದೆಂದು ತಮ್ಮ ಬಟ್ಟೆಯ ಚೀಲವನ್ನು ನಮ್ಮ ಮನೆಯಲ್ಲಿ ಪರಸ್ಥಾನ ಇಟ್ಟರು. ಹಾಗೆ ಇಟ್ಟರೆ ಪ್ರಯಾಣ ಹೊರಟಂತೆಯೇ. ಚೀಲ ತಿರುಗಿ ಅವರ ಹೊಸಿಲು ದಾಟಿದರೆ ಪ್ರಯಾಣ ಮುರಿಯಿತು.

ದಿನಕ್ಕೆ ನಾಲ್ಕು ಸಲ ನಮ್ಮ ಜಗಲಿಗೆ ಬಂದು, ಕೂರದೆ, ಅಂಚೆಯವನ ದಾರಿ ನೋಡುತ್ತ ತಿರುಗುತ್ತಿದ್ದರು. “ಆನು ಹೊರಟಾತು ತಂಗಿ, ಹಡಗೊಂದೇ ಬಾಕಿ” ಎನ್ನುತ್ತಿದ್ದರು.

ಒಂದು ದಿನ ಅವರು ಶಾಲೆಗೆ ಹೋದಾಗ ಅವರ ಹೆಂಡತಿ ಬಂದಳು. “ಆ ಚೀಲ ಕೊಡೇ, ಮನೆಗೆ ತಗಂಡು ಹೋಗ್ತೆ. ಇವ್ರು ಎಲ್ಲಿಗೂ ಹೋಪದು ಬ್ಯಾಡ.”

ಒಳಗಿಂದ ಚೀಲ ತಂದೆ. ಕೊಟ್ಟೆ.

ಸ್ವಲ್ಪ ಹೊತ್ತಿಗೆ ಅವಳೇ ಹಿಂದಕ್ಕೆ ತಂದಳು. “ಒಳಗೆ ಒಯ್ಯಲೆ ಮನಸ್ಸಿಲ್ಲೆ ಮಾರಾಯ್ತಿ. ಹಿಡಿ ಹರಿದಿತ್ತು, ಮೆಟ್ಟಿಲ ಮೇಲೇ ಕೂತು ಹೊಲಿದೆ.”

ಮರುವಾರ ಕಾಗದ ಬಂತು. ಮಾಸ್ತರರು ಚೀಲ ಹೆಗಲಿಗೇರಿಸಿ ಬಸ್ಸಿಗೆ ನಡೆದರು. ಹೊಸ ಹೊಲಿಗೆ ಅವರ ಕಣ್ಣಿಗೆ ಬೀಳಲಿಲ್ಲ. ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನಿಮಗಷ್ಟೇ ಬರೆದಿದ್ದೇನೆ. ಈ ಹಾಳೆಗಳನ್ನು ಕಳೆಯದೆ ಇಟ್ಟುಕೊಳ್ಳಿ, ಮಕ್ಕಳೇ.