ಸಣ್ಣಮ್ಮನ ಹೆಸರು

ಹೆತ್ತವ್ವ ತೀರಿಕೊಂಡ ಮೇಲೆ ಉಮ್ಮತ್ತೂರಿನ ಶಾಂತಿಯನ್ನು ಸಾಕಿದವಳು ಪಕ್ಕದ ಮನೆಯ ಸಣ್ಣಮ್ಮ. ಸಣ್ಣಮ್ಮನ ಮಗಳು ಭವ್ಯಳೂ ಶಾಂತಿಯೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. 2007ರಲ್ಲಿ ಚಾಮರಾಜನಗರದ ಸೈಬರ್ ಸೆಂಟರಿನಲ್ಲಿ ಶಾಂತಿಗೆ ಇ-ಮೇಲ್ ಮಾಡಿಕೊಟ್ಟವಳೂ ಭವ್ಯಳೇ. ಪಾಸ್‌ವರ್ಡ್ ಮರೆತರೆ ಕೇಳುವ ಪ್ರಶ್ನೆ ಅಂದು ತಾಯಿಯ ಹೆಸರಾಗಿತ್ತು. ಶಾಂತಿ ಹಿಂದುಮುಂದು ನೋಡದೆ ಸಣ್ಣಮ್ಮ ಎಂದಿದ್ದಳು.

ಆಮೇಲೆ ಇಬ್ಬರೂ ಗುಂಡ್ಲುಪೇಟೆಯ ಒಂದೇ ಕೆಲಸಕ್ಕೆ ಅರ್ಜಿ ಹಾಕಿದರು. ಕೆಲಸ ಭವ್ಯಳಿಗೆ ಸಿಕ್ಕಿತು. ಶಾಂತಿಯ ಇ-ಮೇಲ್ ಮಾತ್ರ ಪಾಸ್‌ವರ್ಡ್ ತಪ್ಪು ಎನ್ನುತ್ತಲೇ ಇತ್ತು. ಮೂರು ವಾರ ತನ್ನ ಮರೆವನ್ನೇ ಬೈದುಕೊಂಡಳು, ಪೆದ್ದಿ!

ಕೊನೆಗೆ ಆ ಪ್ರಶ್ನೆಗೆ ಸಣ್ಣಮ್ಮ ಎಂದು ಒತ್ತಿದಾಗ ಖಾತೆ ತೆರೆಯಿತು. ಕೆಲಸ ನಿಮಗೇ ಎಂಬ ಪತ್ರ ಅಲ್ಲಿತ್ತು. ನನಗೆ ಬೇಡ ಎಂದು ಶಾಂತಿಯ ಹೆಸರಿನಲ್ಲೇ ಯಾರೋ ಅದಕ್ಕೆ ಉತ್ತರ ಬರೆದಿದ್ದರು. ಅವಳು ಪಾಸ್‌ವರ್ಡ್ ಮರೆತೇ ಇರಲಿಲ್ಲ, ಅದನ್ನು ಬದಲಾಯಿಸಿದ್ದರು. ಬದಲಾಯಿಸಲು ಬೇಕಾದ ಹೆಸರು ಇನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಸಂಜೆ ಇಬ್ಬರೂ ಊಟಕ್ಕೆ ಕೂತಾಗ ಸಣ್ಣಮ್ಮ ಕೇಳಿದಳು, “ನೆಪ್ಪಾಯ್ತೇನಮ್ಮಿ, ಅದೇನೋ ಪಾಸ್‌ವರ್ಡು?”

“ನಿನ್ನೆಸ್ರು ಹಾಕ್ದೆ ಕಣವ್ವ, ತೆರ್ಕತು.”

ಭವ್ಯಳ ಕೈ ತಟ್ಟೆಯಲ್ಲೇ ನಿಂತಿತು.

“ನನ್ನೆಸ್ರಾ!” ಎಂದು ಹಿಗ್ಗಿದ ಸಣ್ಣಮ್ಮ ಇಬ್ಬರಿಗೂ ಇನ್ನೊಂದೊಂದು ಮುದ್ದೆ ಇಟ್ಟಳು.