ಮಾಳಿಗೆಯ ಮೇಲಿನ ಕೆರೆ ಹುಲ್ಲು

ಕೆರೆಯ ಹುಲ್ಲು ಅರೆಬರೆ ಒಣಗುವಾಗ ಒಂದು ವಾಸನೆ ಬರುತ್ತದೆ. ಅದರಲ್ಲಿ ಕೆಸರೂ ಇರುತ್ತದೆ, ಸಿಹಿಯೂ ಇರುತ್ತದೆ. ಮೊನ್ನೆ ಬೆಳಿಗ್ಗೆ ಮಾಳಿಗೆ ಹತ್ತಿದಾಗ ಸೊಸೆ ಹುಲ್ಲು ಮಗುಚಿ ಹಾಕುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡಾಕ್ಟರ್ ಬಾಯಿ ಕಣ್ಣ ಮುಂದೆ ಬಂದು ನಿಂತರು. ಹೆಗಲಿಗೆ ಚೀಲ, ಮೇಲೆತ್ತಿ ಸಿಕ್ಕಿಸಿದ ಸೀರೆ, ಕಾಲಿಗೆ ಗಂಡಸರ ಗಮ್‌ಬೂಟು...

ಅವರು ದನದ ಡಾಕ್ಟರು. ಊರು ಶಹಾಪುರ, ಮನೆಮಾತು ಉರ್ದು, ಕೆಲಸ ಸುರಪುರದಲ್ಲಿ. ನಮ್ಮ ಬೋನಾಳದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ, ಮರ್ಯಾದೆಗೆ ಎಲ್ಲರೂ ಬಾಯಿ, ಬಾಯಾರು ಎನ್ನುತ್ತಿದ್ದರು. ಹೆಂಗಸೊಬ್ಬಳು ಎಮ್ಮೆಗೆ ಸೂಜಿ ಚುಚ್ಚುತ್ತಾಳೆಂದರೆ ನೋಡಲಿಕ್ಕೇ ಜನ ಸೇರುತ್ತಿದ್ದ ಕಾಲ ಅದು.

ನಾನು ಮದುವೆಯಾಗಿ ಬಂದಾಗ ತಿಂಥಣಿಯಿಂದ ನನ್ನ ಅವ್ವ ಒಂದು ಎಮ್ಮೆ ಕೊಟ್ಟು ಕಳಿಸಿದ್ದಳು. ನಮ್ಮ ಅತ್ತೆಗೆ ಸೊಸೆಗಿಂತ ಆ ಎಮ್ಮೆಯ ಮೇಲೇ ಜೀವ, ಸುಳ್ಳು ಯಾಕೆ ಹೇಳಲಿ! ದಿನಾ ಬೆಳಗಾದರೆ ಕೆರೆಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ನೀರೊಳಗಿನ ಬುಡಕ್ಕೇ ಕುಡುಗೋಲು ಹಾಕಿ ಎಳೆ ಹುಲ್ಲು ಕೊಯ್ದು ತರುತ್ತಿದ್ದಳು. ಹಾಲು ಕೊಡುವ ಎಮ್ಮೆಗೆ ಬುಡದ ಹಸಿ ಹುಲ್ಲೇ ಆಗಬೇಕು ಎಂಬುದು ಆಗ ನಮ್ಮೂರ ಪದ್ಧತಿ.

ಆ ವರ್ಷ ಎಮ್ಮೆ ಸೊರಗತೊಡಗಿತು. ಹಾಲು ಇಳಿಯಿತು, ಬೆನ್ನೆಲುಬು ಎದ್ದು ಕಂಡಿತು, ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಬಾವು ಜೋತುಬಿತ್ತು. ಅದು ಸೊರಗಿದಷ್ಟೂ ಅತ್ತೆ ಇನ್ನಷ್ಟು ಕೆರೆ ಹುಲ್ಲು ತಂದು ಸುರಿದಳು. ಹಿಂದಿನ ಬೇಸಿಗೆಯಲ್ಲಿ ಪಕ್ಕದ ಮನೆಯ ಎಮ್ಮೆ ಹೀಗೇ ಸತ್ತಿತ್ತು. ತವರಿನಿಂದ ಬಂದ ಜೀವ ಇದು, ಇದೂ ಹೋಗಿಬಿಡುತ್ತದೆ ಎಂದು ನಾನು ಕೊಟ್ಟಿಗೆಯಲ್ಲಿ ಕೂತು ಅಳುತ್ತಿದ್ದೆ.

ಬಾವಿನ ಮೇಲೆ ಬರೆ ಎಳೆಯಲು ಅತ್ತೆ ಕುಡುಗೋಲನ್ನು ಒಲೆಯಲ್ಲಿ ಕಾಯಲಿಟ್ಟಿದ್ದಳು. ಅಷ್ಟರಲ್ಲಿ ನನ್ನ ಗಂಡ ಸುರಪುರಕ್ಕೆ ಹೋಗಿ ಡಾಕ್ಟರ್ ಬಾಯಿಯನ್ನು ಕರೆತಂದರು. ಅವರು ಎಮ್ಮೆಯ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಒಳಗೆ ರಕ್ತದ ಕಳೆಯೇ ಇಲ್ಲ, ಬರೀ ಬಿಳಿ.

"ಬರಿ ಹಾಕಬ್ಯಾಡ್ರಿ ಅವ್ವಾ. ರೋಗ ಗದ್ದದಾಗ ಇಲ್ಲ, ಕಲೇಜ್ಯಾಗ ಅದ. ಹುಳ ಸೇರ್ಯಾವ." ಅವರ ಮಾತಿನಲ್ಲಿ ಕಲೇಜ ಎಂದರೆ ಯಕೃತ್ತು.

"ಹುಳ ಎಲ್ಲಿಂದ ಬರ್ತಾವ್ರಿ ಬಾಯಾರ? ಮಗಳಂಗ ಸಾಕಾಕತ್ತೇನಿ ನಾ!" ಅತ್ತೆಗೆ ಸಿಟ್ಟು ನೆತ್ತಿಗೇರಿತು.

ಡಾಕ್ಟರ್ ಬಾಯಿ ವಾದ ಮಾಡಲಿಲ್ಲ. ಚಿಟಿಕೆ ಸಗಣಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದರು. ಪೆಟ್ಟಿಗೆಯಿಂದ ಸೂಕ್ಷ್ಮದರ್ಶಕ ತೆಗೆದು ನಮ್ಮ ಅಂಗಳದ ಕಟ್ಟೆಯ ಮೇಲಿಟ್ಟು, ಅದರ ಪುಟ್ಟ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದರು. ಅತ್ತೆ ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ನಾನು ಬಗ್ಗಿದೆ. ಅಬ್ಬಬ್ಬಾ! ಜೇನಿನ ಬಣ್ಣದ ಮೊಟ್ಟೆಗಳು, ಒಂದೊಂದಕ್ಕೂ ಒಂದು ಪುಟ್ಟ ಮುಚ್ಚಳ. ರೋಗ ಇಷ್ಟು ಚೆಂದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ ಅವರು. ಅತ್ತೆ ತಂದ ಹುಲ್ಲಿನ ಬುಡದಲ್ಲಿ ಕಡಲೆಕಾಳಿನಷ್ಟು ಬಸವನಹುಳುಗಳು ಅಂಟಿದ್ದವು. ಅವನ್ನು ಒಂದು ಗಾಜಿನ ಗ್ಲಾಸಿನ ನೀರಿಗೆ ಹಾಕಿ ಬಿಸಿಲಿಗಿಟ್ಟರು. ನಾವು ಚಹಾ ಕುಡಿದೆವು. ನಾನು ಅಭ್ಯಾಸಬಲದಿಂದ ಒಂದು ಹುಲ್ಲಿನ ಎಸಳು ಕಚ್ಚಲು ಹೋದರೆ, "ಅರೆ, ಬಾಯಾಗ ಹಾಕಬ್ಯಾಡ ತಂಗಿ!" ಎಂದು ಕೈಗೆ ಹೊಡೆದು ಕಸಿದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ಬಸವನಹುಳುಗಳ ಮೈಯಿಂದ ಬಿಳಿಯ ಧೂಳು ಹೊರಟಿತು. ನೋಡನೋಡುತ್ತ ಆ ಧೂಳಿಗೆ ಬಾಲ ಕಂಡಿತು, ಅದು ಈಜತೊಡಗಿತು! ಡಾಕ್ಟರ್ ಬಾಯಿ ಒಂದು ಎಸಳು ಹುಲ್ಲನ್ನು ಇಳಿಬಿಟ್ಟರು. ಆ ಕಣಗಳು ಒಂದೊಂದಾಗಿ ಅದಕ್ಕೆ ಅಂಟಿ, ಬಾಲ ಕಳಚಿ, ಬಿಳಿ ಚುಕ್ಕೆಗಳಾಗಿ ಕೂತುಬಿಟ್ಟವು.

"ಎಮ್ಮಿ ಸಗಣಿಯಾಗಿನ ತತ್ತಿ ಕೆರಿಗೆ ಹೋಗ್ತದ, ಈ ಬಸವನಹುಳದ ಹೊಟ್ಟ್ಯಾಗ ಬೆಳಿತದ, ಹುಲ್ಲಿನ ಬುಡಕ್ಕ ಕುಂದ್ರತದ. ಹುಲ್ಲು ಮತ್ತ ಎಮ್ಮಿ ಹೊಟ್ಟಿಗೆ."

ಅತ್ತೆ ತಾನು ಕೊಯ್ದು ತಂದ ಹುಲ್ಲಿನ ಕಡೆ ತಿರುಗಿ ನೋಡಿದಳು. "ಅಂದ್ರ... ನನ್ನ ಕೈಯಾರ ನಾನ..."

"ಪ್ರೀತಿಲೆ ಹಾಕೀರಿ ಅವ್ವಾ," ಡಾಕ್ಟರ್ ಬಾಯಿ ಅವಳ ಕೈ ಹಿಡಿದುಕೊಂಡರು. "ಇನ್ನ ಮ್ಯಾಲೆ ಒಣಗಿಸಿ ಹಾಕ್ರಿ, ಅಷ್ಟ."

ಬಿದಿರಿನ ಗೊಟ್ಟದಲ್ಲಿ ಎಮ್ಮೆಗೆ ಔಷಧ ಕುಡಿಸಿದರು. ಅದರ ತಲೆ ಎತ್ತಿ ಹಿಡಿದದ್ದು ಅತ್ತೆಯೇ. ಬಾವು ಇಳಿಯಲು, ಎಮ್ಮೆ ಮತ್ತೆ ಮೆಲುಕು ಹಾಕಲು ಬಹಳ ದಿನ ಹಿಡಿಯಿತು. ಆದರೆ ಉಳಿಯಿತು. ಮುಂದಿನ ಸಲ ಹೆಣ್ಣು ಕರು ಹಾಕಿತು.

ಒಂದು ಮನೆ ಬಿಟ್ಟರೂ ಕೆರೆಗೆ ಮತ್ತೆ ಮೊಟ್ಟೆ ಸೇರುತ್ತವೆ ಎಂದು ಡಾಕ್ಟರ್ ಬಾಯಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಇಡೀ ಊರಿನ ದನಗಳಿಗೆ ಔಷಧ ಹಾಕಿಸಿದರು. ವರ್ಷ ವರ್ಷವೂ ಬಂದರು. ಬಾಗಿಲು ತೆರೆಯದವರ ಮನೆ ಮುಂದೆ ನಮ್ಮ ಅತ್ತೆ ನಿಂತು ಬಾಯಿ ಮಾಡುತ್ತಿದ್ದಳು. ಎಮ್ಮೆಗಳು ಕೆರೆಗೆ ಇಳಿಯುವುದು ನಿಂತಿತು, ಮನೆಮನೆಗೂ ನೀರಿನ ತೊಟ್ಟಿ ಬಂತು. ನೀರಿನಿಂದ ಒಂದು ಗೇಣು ಮೇಲಕ್ಕೇ ಹುಲ್ಲು ಕೊಯ್ದು, ಗರಿಗರಿಯಾಗುವ ತನಕ ಮಾಳಿಗೆಯ ಮೇಲೆ ಒಣಗಿಸುವುದು ರೂಢಿಯಾಯಿತು. ಕೆರೆದಂಡೆಯಲ್ಲಿ ಬಸವನಹುಳು ಹೆಕ್ಕುತ್ತಿದ್ದ ಕೊಕ್ಕರೆಗಳನ್ನು ತೋರಿಸಿ ಡಾಕ್ಟರ್ ಬಾಯಿ, "ಇವು ರಜಾ ಕೇಳದ ನನ್ನ ಕಂಪೌಂಡರ್‌ಗೋಳು" ಎಂದು ನಗುತ್ತಿದ್ದರು.

ನಿವೃತ್ತಿಯಾಗಿ ಶಹಾಪುರಕ್ಕೆ ಹೋದರು. ಹೋದ ಚಳಿಗಾಲದಲ್ಲಿ ತೀರಿಕೊಂಡರಂತೆ. ನಮಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ. ಅತ್ತೆಯೂ ಈಗಿಲ್ಲ.

ಮೊನ್ನೆ ಮಾಳಿಗೆಯ ಮೇಲೆ ಸೊಸೆಯನ್ನು ಕೇಳಿದೆ, ಹುಲ್ಲು ಯಾಕೆ ಒಣಗಿಸುತ್ತೀ ಎಂದು. "ಹಿರೇರ ಕಾಲದಿಂದ ಬಂದ ಪದ್ಧತಿ ಅಲ್ಲೇನ್ರಿ ಅತ್ತಿ?" ಎಂದಳು. ನನಗೆ ತಡೆಯಲಾಗಲಿಲ್ಲ. ಕೆರೆದಂಡೆಗೆ ಹೋಗಿ ಬಸವನಹುಳುಗಳನ್ನು ಆರಿಸಿ ತಂದು, ಗಾಜಿನ ಗ್ಲಾಸಿಗೆ ಹಾಕಿ, ಅದೇ ಕಟ್ಟೆಯ ಮೇಲೆ ಬಿಸಿಲಿಗಿಟ್ಟೆ. ಇಬ್ಬರೂ ಕೂತು ಕಾದೆವು. ಚಹಾ ಮುಗಿಯಿತು. ಬಿಸಿಲು ಏರಿತು.

"ಏನೂ ಬರವಲ್ದಲ್ರಿ ಅತ್ತಿ," ಎಂದಳು ಸೊಸೆ, ಬೇಸರದಿಂದ.

ಇಷ್ಟಕ್ಕೇ ಕೆರೆ ಶುದ್ಧವಾಯಿತೆಂದು ಹೇಳಲಾಗದು, ಡಾಕ್ಟರ್ ಬಾಯಿ ಇದ್ದಿದ್ದರೆ ಅವರೇ ಒಪ್ಪುತ್ತಿರಲಿಲ್ಲ. ಆದರೂ ಗ್ಲಾಸನ್ನು ಎತ್ತಿ ಸೂರ್ಯನಿಗೆ ಹಿಡಿದೆ. ನೀರು ತಿಳಿಯಾಗಿತ್ತು. ತೋರಿಸಲಿಕ್ಕೆ ಅವರಿರಲಿಲ್ಲ... ಸೆರಗಿನಿಂದ ಕಣ್ಣು ಒರೆಸಿಕೊಂಡು, ಸೊಸೆಯನ್ನು ಹತ್ತಿರ ಕೂರಿಸಿಕೊಂಡು, ಒಬ್ಬ ಬಾಯಾರು ಇದ್ದರು ಎಂದು ಹೇಳಲು ಶುರುಮಾಡಿದೆ.