ಸಿಡಿಯದೆ ಉಳಿದ ಹನ್ನೆರಡನೆಯ ಕುಳಿ

ಕನಕಪುರ ತಾಲ್ಲೂಕಿನ ಈ ಹಳ್ಳಿಗೆ ಬಂದ ಮೂರನೆಯ ದಿನ, ಬಾಡಿಗೆ ಕೋಣೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಕನ್ನಡಿಯೊಳಗಿನ ನನ್ನ ಮುಖ ಒಮ್ಮೆಲೇ ನಡುಗಿತು. ಸದ್ದು ಆಮೇಲೆ ಬಂತು. ಹೆಂಚಿನ ಸಂದಿಯಿಂದ ಮಣ್ಣು ಉದುರಿತು, ಕನ್ನಡಿ ಮೊಳೆ ಕಳಚಿಕೊಂಡು ಬಿದ್ದು ಒಡೆಯಿತು. ಅರ್ಧ ಮುಖಕ್ಕೆ ಸೋಪಿನ ನೊರೆ ಇದ್ದಂತೆಯೇ ಬೀದಿಗೆ ಓಡಿದೆ. ಬೀದಿಯಲ್ಲಿ ಬೇರೆ ಯಾರೂ ಓಡುತ್ತಿರಲಿಲ್ಲ. ಕೋಳಿಗಳು ಕೂಡ ತಲೆ ಎತ್ತಿರಲಿಲ್ಲ. ಮನೆಯೊಡತಿ ಚಿಕ್ಕತಾಯಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಏನಿಲ್ಲ ಕಣಪ್ಪ, ಕ್ವಾರಿ ಮದ್ದು. ಮಧ್ಯಾಹ್ನ ಆಯ್ತು ಅಂತ ತಿಳ್ಕೊ. ಗಡಿಯಾರ ಹಿಂದೆ ಬಿದ್ದಿದ್ರೆ ಸರಿ ಮಾಡ್ಕೊ,” ಅಂದರು.

ನಾನು ಗದಗ ಜಿಲ್ಲೆಯ ಎರೆಹೊಲದ ಕಡೆಯವನು. ನಮ್ಮಲ್ಲಿ ಬಟ್ಟೆ ಒಗೆಯಲು ಒಂದು ಕಲ್ಲು ಬೇಕೆಂದರೂ ದೂರದಿಂದ ಹೇರಿಕೊಂಡು ತರಬೇಕು. ಇಲ್ಲಿ ಬಂಡೆಗಳು ರಾಗಿಹೊಲದ ನಡುವೆ, ಮನೆಯ ಹಿತ್ತಲಲ್ಲಿ, ಶಾಲೆಯ ಬೆನ್ನಿಗೆ ಕೂತಿವೆ. ನಮ್ಮ ಕಡೆ ಕೂಗಿದ ಮಾತು ಬಯಲಲ್ಲಿ ಹಾಗೇ ಕರಗಿಹೋಗುತ್ತದೆ. ಇಲ್ಲಿ ಒಬ್ಬ ಕೂಗಿದರೆ ರಾಮನಗರದವರೆಗೆ ಬಂಡೆಗಳು ಒಂದರ ಬಾಯಿಂದ ಒಂದು ಕಸಿದುಕೊಂಡು ಕೂಗುತ್ತವೆ. ನಾನು ಬಂದದ್ದು ಎರಡು ಸಾವಿರದ ಇಸವಿಯ ಆಚೀಚೆ. ಬಿಡದಿಯ ಕಡೆ ಕಾರ್ಖಾನೆಗಳು ಸಾಲುಗಟ್ಟಿ ಏಳುತ್ತಿದ್ದವು. ಅವುಗಳ ನೆಲಕ್ಕೂ ರಸ್ತೆಗೂ ಜಲ್ಲಿ ಬೇಕಿತ್ತು. ಜಲ್ಲಿಗಾಗಿ ಈ ಬಂಡೆಗಳು ಒಡೆಯುತ್ತಿದ್ದವು. ಅಂಥದೊಂದು ಕ್ವಾರಿಯಲ್ಲಿ ನನಗೆ ಸೂಪರ್‌ವೈಸರ್ ಕೆಲಸ; ಕನ್ನಡಿ ಒಡೆದ ದಿನ ಇನ್ನೂ ಸೇರಿರಲಿಲ್ಲ.

ಮನೆ ಕೊಡುವ ಮುಂಚೆ ಚಿಕ್ಕತಾಯಮ್ಮ ಯಾವ ಜನ ಎಂದು ಕೇಳಿದ್ದರು. “ನನಗ ದೇವರೂ ಇಲ್ಲ, ಜಾತಿನೂ ಇಲ್ರೀ” ಅಂದೆ. “ದೇವ್ರು ಇಲ್ದಿದ್ರೆ ಇರ್ಲಿ ಬುಡಿ, ನಮಗೇನು. ಮಲಗ್ಕೊಂಡು ಬೀಡಿ ಸೇದಿ ಹಾಸಿಗೆ ಸುಡ್ಬೇಡಿ” ಅಂದರು.

ಆ ಮಾತನ್ನು ನಾನು ಹೆಮ್ಮೆಯಿಂದಲೇ ಆಡಿದ್ದೆ. ಅದರ ಹಿಂದೆ ಏನಿತ್ತು ಎಂಬುದನ್ನು ಊರ ಕಡೆ ಇದನ್ನು ಓದುವವರಲ್ಲಿ ಕೆಲವರು ಬಲ್ಲರು. ನನ್ನ ಹೆಂಡತಿ ಶಾರದಾಳಿಗೆ ಹೆರಿಗೆಯ ನೋವು ಬಂದಾಗ ಜೀಪು ಬಾಗಿಲಲ್ಲೇ ನಿಂತಿತ್ತು. “ರಾಹುಕಾಲ ಮುಗೀಲಿ, ಆಮ್ಯಾಲ ಹೊಸ್ತಿಲಾ ದಾಟ್ರಿ” ಅಂದಳು ಅವ್ವ. ಒಂದೂವರೆ ತಾಸು. ವಿಜ್ಞಾನ ಓದಿದ ನಾನು ಕಟ್ಟೆಯ ಮೇಲೆ ಕೂತು ಗಡಿಯಾರ ನೋಡುತ್ತಿದ್ದೆ. ಆಸ್ಪತ್ರೆ ತಲುಪುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ. ಮಣ್ಣು ಮುಗಿಸಿ ಬಂದು ದೇವರ ಜಗಲಿಯ ಮೇಲಿನ ಪಟಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾವಿಗೆ ಎಸೆದೆ. ಅಂದಿನಿಂದ ಅವ್ವನ ಕೈಯಿಂದ ನೀರು ಕುಡಿಯಲಿಲ್ಲ, ಅವಳ ಜೊತೆ ಮಾತಾಡಲಿಲ್ಲ. ಕುಡಿತ ಅಂಟಿತು, ಖಾಸಗಿ ಶಾಲೆಯ ಮೇಷ್ಟ್ರ ಕೆಲಸ ಹೋಯಿತು. ಏಳು ವರ್ಷ ಹೀಗೆ ಕಳೆದು, ಗೆಳೆಯನೊಬ್ಬನ ಶಿಫಾರಸಿನ ಮೇಲೆ ಇಲ್ಲಿಗೆ ಬಂದೆ.

ಈ ಹಳ್ಳಿಯಲ್ಲಿ ಅರ್ಧ ಜನ ಕ್ರೈಸ್ತರು ಎಂಬುದು ಇನ್ನೊಂದು ಬೆರಗು. ನಮ್ಮ ಕಡೆ ಕ್ರೈಸ್ತರೆಂದರೆ ಮಿಶನ್ ಆಸ್ಪತ್ರೆಯ ನರ್ಸಮ್ಮನವರು, ಇಂಗ್ಲಿಷ್ ಮಾತಾಡುವವರು ಎಂದುಕೊಂಡಿದ್ದವನು ನಾನು. ಇಲ್ಲಿ ಅವರೂ ಪಂಚೆ ಉಟ್ಟು ರಾಗಿ ಬಿತ್ತುತ್ತಾರೆ, ರೇಷ್ಮೆಹುಳಕ್ಕೆ ಸೊಪ್ಪು ಕೊಯ್ಯುತ್ತಾರೆ, ಬೈಯುವಾಗ ಎಲ್ಲರಂತೆಯೇ ಬೈಯುತ್ತಾರೆ. ಚರ್ಚಿಗೆ ದೇವಾಲಯ ಎನ್ನುತ್ತಾರೆ, ಭಾನುವಾರದ ಆರಾಧನೆಗೆ ಪೂಜೆ ಎನ್ನುತ್ತಾರೆ. ಕ್ವಾರಿಯಲ್ಲಿ ಕುಳಿಗೆ ಮದ್ದು ತುಂಬಿ ಬತ್ತಿ ಹಚ್ಚುತ್ತಿದ್ದ ಮೇಸ್ತ್ರಿಯ ಹೆಸರು ಇನ್ನಾಸಪ್ಪ. ಐವತ್ತೈದರ ಆಚೆಯ ಮನುಷ್ಯ.

“ಇದೆಂಥಾ ಹೆಸರು?” ಎಂದು ಮೊದಲ ದಿನ ಕೇಳಿದ್ದೆ.

“ಸಂತರ ಹೆಸರು ಸಾಮಿ. ನಮ್ಮ ತಾತನ ತಾತಂದೂ ಇದೇಯ. ನಿಮ್ಮ ಕಡೆ ಸಂತ್ರು ಇಲ್ವಾ?”

“ಇದ್ದರು. ಬಾವಿಗೆ ಹಾಕೇನಿ.”

ಅವನು ಒಸಿ ಹೊತ್ತು ನನ್ನ ಮುಖವನ್ನೇ ನೋಡಿದ. ಈ ‘ಒಸಿ’ ಇಲ್ಲಿಯ ಮಾತು. ನಾವು ‘ಸ್ವಲ್ಪ’ ಅನ್ನುವಲ್ಲೆಲ್ಲ ಇವರಿಗೆ ‘ಒಸಿ’. “ನೀರು ಕೆಟ್ಟೋಗಿರ್ತದೆ,” ಅಂದು ಕೆಲಸಕ್ಕೆ ಹೋದ.

ಅವನ ಎಣಿಕೆಯ ರೀತಿಯನ್ನು ಇಲ್ಲಿ ಹೇಳಲೇಬೇಕು. ಬಂಡೆಯಲ್ಲಿ ಕೊರೆದ ಕುಳಿಗಳಿಗೆ ಮದ್ದಿಟ್ಟು, ಬತ್ತಿ ಹಚ್ಚಿ, ಎಲ್ಲರೂ ದೂರದ ದೊಡ್ಡ ಬಂಡೆಯ ಹಿಂದೆ ಅಡಗುತ್ತಾರೆ. ಎಷ್ಟು ಕುಳಿಯೋ ಅಷ್ಟು ಸದ್ದು ಆಗಬೇಕು. ಒಂದು ಕಡಿಮೆಯಾದರೆ ಎಲ್ಲೋ ಒಂದು ಕುಳಿ ಸಿಡಿಯದೆ ಉಳಿದಿದೆ ಎಂದರ್ಥ. ಅರ್ಧ ಗಂಟೆ ಯಾರೂ ಹತ್ತಿರ ಹೋಗಬಾರದು. ಇನ್ನಾಸಪ್ಪ ಎಡಗೈ ಅಂಗೈಯನ್ನು ಬಂಡೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ಜಪಸರ ಹಿಡಿದು, ಒಂದೊಂದು ಸಿಡಿತಕ್ಕೆ ಒಂದೊಂದು ಮಣಿ ಸರಿಸುತ್ತಿದ್ದ. ನನಗೆ ಅದನ್ನು ನೋಡಿದರೇ ಮೈ ಉರಿಯುತ್ತಿತ್ತು. ನಾನು ಕಿವಿಯಿಂದ ಕೇಳಿ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಿದ್ದೆ. ಎಷ್ಟೋ ತಿಂಗಳು ನಮ್ಮಿಬ್ಬರ ಲೆಕ್ಕ ತಾಳೆಯಾಗಿತ್ತು.

ಆ ಶನಿವಾರ ಹನ್ನೆರಡು ಕುಳಿ. ಯಾವುದೋ ಕಾರ್ಖಾನೆಯ ಕಾಂಕ್ರೀಟು ನಿಂತಿದೆಯೆಂದು ಲಾರಿಗಳು ಕ್ರಷರಿನ ಮುಂದೆ ಹಾರ್ನ್ ಹೊಡೆಯುತ್ತಿದ್ದವು. ಸಿಡಿತ ನಿಂತಿತು, ಧೂಳು ಇಳಿಯಿತು. ನನ್ನ ಪುಟದಲ್ಲಿ ಹನ್ನೆರಡು ಗೀಟು. ನಾನು ಎದ್ದೆ.

“ಹನ್ನೊಂದೇಯ ಸಾಮಿ,” ಅಂದ ಇನ್ನಾಸಪ್ಪ. ಅಂಗೈಯನ್ನು ಇನ್ನೂ ಬಂಡೆಯಿಂದ ತೆಗೆದಿರಲಿಲ್ಲ. “ಒಂದು ಒಳಗೇ ಕುಂತೈತೆ. ಅರ್ಧ ಗಂಟೆ ತಡ್ಕೊಳ್ಳಿ.”

“ಹನ್ನೆರಡು ಆಗ್ಯಾವ. ನಾ ಕೇಳೇನಿ.”

“ನೀವು ಕೇಳಿದ್ದು ಎದುರುಗಡೆ ಬೆಟ್ಟ ಕೂಗಿದ್ದು. ಕಲ್ಲು ಹನ್ನೊಂದು ಸಲ ಅಲ್ಲಾಡ್ತು. ಕೂತ್ಕೊಳ್ಳಿ, ಕಾಯೋಣ.”

ಕಾಯೋಣ ಎಂದ ಮಾತು, ಅವನ ಕೈಯಲ್ಲಿದ್ದ ಆ ಮಣಿಗಳು. ನನ್ನ ತಲೆಯಲ್ಲಿ ಏನಾಯಿತೆಂದು ಇಂದಿಗೂ ಸರಿಯಾಗಿ ಹೇಳಲಾರೆ. ನನ್ನ ಮುಂದೆ ಇದ್ದವನು ಇನ್ನಾಸಪ್ಪನಲ್ಲ, ಹೊಸ್ತಿಲ ಮೇಲೆ ಕೈ ಅಡ್ಡ ಇಟ್ಟು ನಿಂತ ಅವ್ವ. “ನಿನ್ನ ಮಣಿಸರಾ ನನಗ ಲೆಕ್ಕಾ ಕಲಸ್ತದೇನು? ದೇವರ ಹೆಸರಿಲೆ ಕುಂತು ಕಾದು ನಾ ಇಬ್ಬರನ್ನ ಮಣ್ಣಾಗ ಇಟ್ಟೇನಿ!” ಎಂದು ಕಿರುಚಿ ಕುಳಿಗಳ ಕಡೆ ನಡೆದೆ.

ಹಿಂದೆ ಓಡಿಬರುವ ಕಾಲ ಸದ್ದು. “ಲೇ, ನಿಂತ್ಕೊಳ್ಳಾ! ನಿಂತ್ಕೊ ಅಂದ್ರೆ!” ಅದುವರೆಗೆ ಅವನು ನನ್ನನ್ನು ‘ಸಾಮಿ’ ಎಂದಲ್ಲದೆ ಕರೆದವನಲ್ಲ. ಹೆಗಲಿಗೆ ಗುದ್ದು ಬಿತ್ತು. ಒಂದು ಕಲ್ಲಿನ ಮರೆಗೆ ಮುಖ ಅಡಿಯಾಗಿ ಬಿದ್ದೆ. ಅವನ ಮೈ ನನ್ನ ಮೇಲೆ ಬಿತ್ತು. ಆಮೇಲೆ ಬೆಟ್ಟ ಒಡೆಯಿತು.

ಅವನ ಎಡಗಾಲು ಮಾತ್ರ ಮರೆಯ ಆಚೆ ಉಳಿದಿತ್ತು.

ಜಲ್ಲಿ ಲಾರಿಯಲ್ಲೇ ಅವನನ್ನು ಹಾಕಿಕೊಂಡು ಕನಕಪುರಕ್ಕೆ ಓಡಿದೆವು. ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಅಂಗಿ ಬಿಚ್ಚಿ ಮೊಣಕಾಲಿನ ಮೇಲೆ ಬಿಗಿದಿದ್ದೆ. ಅದು ಆಗಲೇ ನೆನೆದುಹೋಗಿತ್ತು. ದಾರಿಯ ನಡುವೆ ಅವನು ಕಣ್ಣು ತೆರೆದು, “ಈಗ ಹನ್ನೆರಡಾಯ್ತು ಸಾಮಿ,” ಅಂದ. ಮತ್ತೆ ಕಣ್ಣು ಮುಚ್ಚಿದ.

ಆ ಮಾತು ಈಗಲೂ ದಿನಕ್ಕೊಮ್ಮೆ ಕೇಳಿಸುತ್ತದೆ. ಗಾಳಿಗೆ ಬಾಗಿಲು ಬಡಿದರೆ ಸಾಕು, ಎಣಿಸತೊಡಗುತ್ತೇನೆ. ಒಂದೇ ಬಾಗಿಲು, ಒಂದೇ ಸದ್ದು. ಆದರೂ ಇನ್ನೊಂದಕ್ಕಾಗಿ ಕಾಯುತ್ತೇನೆ. ಅವನು ಓಡಿಬರದಿದ್ದರೆ ಎಂಬಲ್ಲಿಗೆ ಬಂದು ಮನಸ್ಸು ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವನ ಕಾಲನ್ನು ಮೊಣಕಾಲ ಕೆಳಗೆ ತೆಗೆದರು. ಕ್ವಾರಿಯ ಮಾಲೀಕರು ನನ್ನನ್ನು ಕರೆದು ಒಂದು ಹಾಳೆ ಮುಂದಿಟ್ಟರು. ಸೂಪರ್‌ವೈಸರ್ ಬೇಡವೆಂದರೂ ಇನ್ನಾಸಪ್ಪ ತಾನಾಗಿಯೇ ಕುಳಿಯ ಹತ್ತಿರ ಹೋದ ಎಂದು ಅದರಲ್ಲಿ ಬರೆದಿತ್ತು. “ನೀವು ಓದಿದೋರು. ಅವ್ನಿಗೆ ಹೆಂಗೂ ಕಾಲು ವಾಪಸ್ ಬರಲ್ಲ. ನೀವ್ಯಾಕೆ ಜೈಲಿಗೆ ಹೋಗ್ಬೇಕು?” ಅಂದರು. ನಾನು ಸಹಿ ಹಾಕಿದೆ.

ಅವನು ಮನೆಗೆ ಬಂದ ಸುದ್ದಿ ತಿಳಿದ ಮೇಲೂ ಎಂಟು ದಿನ ಆ ಬೀದಿಗೆ ಹೋಗಲಿಲ್ಲ. ಒಂಬತ್ತನೆಯ ದಿನ ಅವನೇ ಹೇಳಿಕಳಿಸಿದ. ಬಾಗಿಲು ತೆಗೆದವಳು ಅವನ ಹೆಂಡತಿ ಜ್ಞಾನಮ್ಮ. ಒಳಗೆ ಬಾ ಎನ್ನಲಿಲ್ಲ, ಬಾಗಿಲಿಗೆ ಅಡ್ಡವೂ ನಿಲ್ಲಲಿಲ್ಲ. ಇನ್ನಾಸಪ್ಪ ಮಂಚದ ಮೇಲೆ ಗೋಡೆಗೆ ಒರಗಿದ್ದ.

“ತಪ್ಪು ನಿಮ್ದೇಯ,” ಎಂದೇ ಮಾತು ತೆಗೆದ. “ಅದ್ಕೆ ಕರೆಸಿದ್ದು. ತಪ್ಪಿಲ್ದೋರ್ನ ಕ್ಷಮಿಸೋಕೆ ಆಯ್ತದಾ? ನಾನು ಕ್ಷಮಿಸಿವ್ನಿ. ಆದ್ರೆ ಮಾಲೀಕ್ರು ತಂದು ತೋರ್ಸಿದ ಆ ಸುಳ್ಳು ಕಾಗದ ನಂಗೆ ಬ್ಯಾಡ. ನಾನು ಮೂವತ್ತು ವರ್ಷ ಎಣಿಸಿದ್ದು ಒಂದ್ಸಲಾನೂ ತಪ್ಪಿಲ್ಲ.”

ನಾನು ನೆಲದ ಮೇಲೆ ಕೂತುಬಿಟ್ಟೆ. ಶಾರದಾ, ರಾಹುಕಾಲ, ಬಾವಿ, ಎಲ್ಲವನ್ನೂ ಮೊದಲ ಸಲ ಒಬ್ಬರ ಮುಂದೆ ಹೇಳಿದೆ.

“ಯಾಕ ಓಡಿಬಂದಿ ಇನ್ನಾಸಪ್ಪಾ?” ಎಂದು ಕೇಳಿದೆ.

“ಯೋಚ್ನೆ ಮಾಡಿದ್ರೆ ಬತ್ತಿರ್ನಿಲ್ಲ ಬುಡಿ,” ಅಂದು ನಕ್ಕ. “ಕಾಲು ಮುಂದೆ ಓಡ್ತು, ಬುದ್ಧಿ ಹಿಂದೆ ಉಳೀತು. ಅದ್ಕೆ ಕಾಲೇ ಹೋಯ್ತು.”

ಜ್ಞಾನಮ್ಮ ನನ್ನ ಮುಂದೆ ತಟ್ಟೆಯನ್ನು ಸದ್ದಾಗುವಂತೆ ಇಟ್ಟಳು. ಮುದ್ದೆ, ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು ಅದು. ನಮ್ಮ ಕಡೆ ಇಲ್ಲ. “ಅವ್ರು ಕ್ಷಮಿಸವ್ರೆ. ನಾನಿನ್ನೂ ಇಲ್ಲ,” ಅಂದಳು. “ಪ್ರತಿ ದಿನ ಪ್ರಾರ್ಥನೆ ಮಾಡ್ತೀನಿ, ಬತ್ತಾ ಇಲ್ಲ. ಬರೋಗಂಟ ಉಪವಾಸ ಕೂರಿಸೋಕಾಯ್ತದಾ? ಉಣ್ಣು.”

ಸಿಡಿಮದ್ದಿಗಿಂತ ನನ್ನನ್ನು ಅಲ್ಲಾಡಿಸಿದ್ದು ಆ ತಟ್ಟೆ. ಕ್ಷಮೆ ಎಂದರೆ ತಪ್ಪನ್ನು ಮರೆಸುವುದು ಎಂದು ತಿಳಿದಿದ್ದೆ. ಇವರು ತಪ್ಪನ್ನು ಹೆಸರು ಹಿಡಿದು ಕರೆದು, ಅದರ ಪಕ್ಕದಲ್ಲೇ ನನಗೆ ಊಟ ಬಡಿಸಿದ್ದರು. ಏಳು ವರ್ಷ ನಾನು ಯಾವ ದೇವರನ್ನು ಇಲ್ಲವೆನ್ನುತ್ತಿದ್ದೆನೋ ಅವನು ಗಡಿಯಾರ ಹಿಡಿದು ಕೂತವನು. ಈ ಮನೆಯಲ್ಲಿದ್ದ ದೇವರನ್ನು ನಾನು ಕಂಡೇ ಇರಲಿಲ್ಲ.

ಮಾರನೆಯ ದಿನ ಪೊಲೀಸ್ ಠಾಣೆಗೆ ಹೋಗಿ ನಡೆದದ್ದನ್ನು ನಡೆದಂತೆ ಬರೆದುಕೊಟ್ಟೆ. ಕೇಸಾಯಿತು, ಅದು ಇನ್ನೂ ಮುಗಿದಿಲ್ಲ. ಕ್ವಾರಿಯ ಕೆಲಸ ಅವತ್ತೇ ಹೋಯಿತು. ಕೆಲ ತಿಂಗಳ ಮೇಲೆ ಬಿಡದಿಯ ಒಂದು ಬಿಡಿಭಾಗಗಳ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿಳಿದು ತಟ್ಟೆ ಇಡ್ಲಿ ತಿಂದು ಒಳಗೆ ಹೋಗುತ್ತೇನೆ. ಕುಡಿತ ಒಮ್ಮೆಲೇ ಬಿಡಲಿಲ್ಲ. ಎರಡು ಸಲ ಬಿಟ್ಟು ಮತ್ತೆ ಹಿಡಿದೆ. ಭಾನುವಾರ ದೇವಾಲಯದ ಹಿಂದಿನ ಗೋಡೆಗೆ ಒರಗಿ ಕೂರತೊಡಗಿದೆ. ಮೊದಮೊದಲು ದೇವರಿಗಾಗಿ ಅಲ್ಲ. ಇನ್ನಾಸಪ್ಪನನ್ನು ಸೈಕಲ್ಲಿನಲ್ಲಿ ಕರೆತರಲು ಯಾರಾದರೂ ಬೇಕಿತ್ತು. ಎಲ್ಲರೂ ಮೊಣಕಾಲೂರಿದಾಗ ನಾನು ಕೂತೇ ಇರುತ್ತಿದ್ದೆ. ಒಂದು ಭಾನುವಾರ ನೋಡುತ್ತೇನೆ, ನನ್ನ ಮೊಣಕಾಲೂ ನೆಲದ ಮೇಲಿತ್ತು. ಯಾವಾಗ ಊರಿದೆನೋ ತಿಳಿಯಲಿಲ್ಲ. ಬೆಳಕೂ ಕಾಣಲಿಲ್ಲ, ಧ್ವನಿಯೂ ಕೇಳಲಿಲ್ಲ, ಭಯವಾಯಿತು, ಅಷ್ಟೇ.

ಕ್ರೈಸ್ತನಾಗಲು ದೀಕ್ಷಾಸ್ನಾನ ಬೇಕೆಂದು ಸ್ವಾಮಿಗಳನ್ನು, ಅಂದರೆ ದೇವಾಲಯದ ಪಾದ್ರಿಯವರನ್ನು, ಕೇಳಿದೆ. “ಒಂದು ವರ್ಷ ಕಾಯಿರಿ. ಪಾಠಕ್ಕೆ ಬನ್ನಿ. ಆಮೇಲೂ ಬೇಕೆನಿಸಿದರೆ ನೋಡೋಣ,” ಅಂದರು. ಹೊರಗೆ ಬಂದು ಹೇಳಿದಾಗ ಇನ್ನಾಸಪ್ಪ, “ಈ ಸಲನಾದ್ರೂ ಕಾಯ್ತೀಯೇನಪ್ಪ?” ಅಂದ. ಕಾದೆ.

ತಲೆಗೆ ದೀಕ್ಷೆಯ ನೀರು ಹಾಕಿಸಿಕೊಂಡ ಮೇಲೆ ನನಗೆ ಉಳಿದದ್ದು ಒಂದೇ ಕೆಲಸ. ಹೋದ ಬೇಸಿಗೆಯಲ್ಲಿ ಗದಗಿಗೆ ಹೋದೆ. ಅವ್ವ ಅಣ್ಣನ ಮನೆಯಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸುತ್ತ ಅಣ್ಣನ ಮಕ್ಕಳ ಗದ್ದಲ. ನಾನು “ಒಸಿ ನೀರು ಕೊಡವ್ವಾ” ಅಂದೆ. ಮಕ್ಕಳು ನನ್ನ ಮಾತು ಕೇಳಿ ಬಿದ್ದು ಬಿದ್ದು ನಕ್ಕವು. ಅವ್ವ ನಗಲಿಲ್ಲ. ಅವಳ ಕೈಯಿಂದ ನಾನು ನೀರು ಕೇಳಿದ್ದೇ ಅವಳಿಗೆ ಸಾಕಾಗಿತ್ತು. ಎದ್ದು ಚರಿಗೆಯಲ್ಲಿ ನೀರು ತುಂಬಿ ಕೊಟ್ಟಳು.

“ಅವ್ವಾ, ಆವತ್ತ ಕಾಯಿಸಿದಾಕಿ ನೀ ಒಬ್ಬಾಕಿನ ಅಲ್ಲ. ಕಟ್ಟಿ ಮ್ಯಾಲ ನಾನೂ ಕುಂತಿದ್ದೆ. ನಿನ್ನ ತಪ್ಪ ನಿಂದು, ನನ್ನ ತಪ್ಪ ನಂದು. ನಿನ್ನ ಮ್ಯಾಲಿನ ಸಿಟ್ಟ ಬಿಟ್ಟೇನಿ. ನೀನೂ ನನ್ನ ಮ್ಯಾಲಿಂದ ಬಿಡು.” ಆಮೇಲೆ ಇನ್ನಾಸಪ್ಪನ ಕಾಲು, ದೀಕ್ಷಾಸ್ನಾನ, ಎಲ್ಲ ಹೇಳಿದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು.

“ನನ್ನ ಕ್ಷಮಿಸಾಕ ನಿನಗ ಮಂದಿ ದೇವರ ಬೇಕಾತೇನೋ? ಹಡದಾಕಿ ನಾ ಸಾಲ್ಲಿಲ್ಲೇನು?”

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, ಇನ್ನೊಂದಕ್ಕೆ ಹಿಟ್ಟು ತೆಗೆದುಕೊಂಡಳು.

ನಾಲ್ಕು ದಿನ ಇದ್ದೆ. ಊಟಕ್ಕೆ ಕೂತಾಗ ಕಣ್ಣು ಮುಚ್ಚಿ ಪ್ರಾರ್ಥಿಸಲು ಸಂಕೋಚವಾಗಿ ತುತ್ತಿನ ಜೊತೆಗೇ ಮನಸ್ಸಿನಲ್ಲಿ ಹೇಳಿಕೊಂಡೆ. ಇಲ್ಲಿಗೆ ಮರಳಿ, ಭಾನುವಾರ ಎಲ್ಲರ ನಡುವೆ ಮೊಣಕಾಲೂರಿದರೆ ಇನ್ನೊಂದು ಕಷ್ಟ. ಪುಸ್ತಕದ ಪ್ರಾರ್ಥನೆ ಬಾಯಿಗೆ ಬಂದರೂ, ನನ್ನದೇ ಒಂದು ಮಾತು ಹೇಳಬೇಕೆಂದರೆ ಅದು ಗದಗಿನ ಮಾತಿನಲ್ಲೇ ಹೊರಡುತ್ತದೆ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ.

ಅವ್ವ ಕೇಳಿದ್ದನ್ನು ಇನ್ನಾಸಪ್ಪನಿಗೆ ಹೇಳಿದೆ. ಅವನು ಊರುಗೋಲಿನ ತುದಿಯಿಂದ ನೆಲ ಕೆರೆಯುತ್ತ ಕೂತ. ಉತ್ತರ ಕೊಟ್ಟವಳು ಒಳಗಿದ್ದ ಜ್ಞಾನಮ್ಮ.

“ಸರಿಯಾಗೇ ಕೇಳವ್ರೆ. ಅವ್ರು ನಿನ್ನ ಕ್ಷಮಿಸಿದ್ರಾ?”

“ಹೇಳಲಿಲ್ಲ.”

“ಹಂಗಾದ್ರೆ ಇನ್ನೂ ಆಗಿಲ್ಲ ಅವ್ರಿಗೆ. ನಂಗೂ ಈಗೀಗ ಒಸಿ ಒಸಿ ಆಯ್ತಾ ಐತೆ.” ಹೊರಗೆ ಬಂದು ಜಗುಲಿಯ ಮೇಲೆ ಕೂತಳು. “ಮತ್ತೆ ಯಾವಾಗ ಹೋಯ್ತೀಯ ಊರಿಗೆ?”

“ದೀಪಾವಳಿಗೆ ಬಾ ಅಂದಾಳ.”

“ಹೋಗು. ನಮ್ಮ ಕ್ರಿಸ್ಮಸ್ ಹೊತ್ತಿಗೆ ವಾಪಸ್ ಬಾ,” ಅಂದಳು.